ಡೈ ಸ್ಟ್ಯಾಂಪಿಗೆ ಕೂರುತ್ತಿಲ್ಲ, ಇಂಕ್ ನೀರಿಗೆ ನಿಲ್ಲುತ್ತಿಲ್ಲ: ಬದಲಿ ಕೋರಿ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ಹೂಗೊಂಚಲಿನ ಸ್ಟ್ಯಾಂಪ್ ಮತ್ತು ಡೈ (ಒತ್ತಿದ ಚಿತ್ರವನ್ನು ಅದರ ಆಕಾರಕ್ಕೆ ಕತ್ತರಿಸುವ ತೆಳು ಲೋಹದ ಚೌಕಟ್ಟು) ಸೆಟ್‌ನಲ್ಲಿ ದೊಡ್ಡ ಡೈಯ ಅಳತೆ ತಪ್ಪಿರುವುದು, ಜೊತೆಗೆ ಬಂದ ಕಪ್ಪು ಇಂಕ್ ಪ್ಯಾಡಿನ ಲೇಬಲ್ ತಪ್ಪಿರುವುದು.

ಮಾನ್ಯರೇ,

ನಿಮ್ಮಿಂದ ತರಿಸಿಕೊಂಡ ಹೂಗೊಂಚಲಿನ ಸೆಟ್ ಬಗ್ಗೆ ಇದು ನನ್ನ ಮೂರನೇ ಪತ್ರ. ಮೊದಲೆರಡಕ್ಕೆ ಉತ್ತರವೇನೋ ಬಂತು. ಆದರೆ ಎರಡರಲ್ಲೂ ತಪ್ಪು ನನ್ನ ಕೈಯದ್ದು ಅನ್ನುವ ಹಾಗೆ ಬರೆದಿದ್ದೀರಿ. ಅದಕ್ಕೇ ಈ ಸಲ ಅಳೆದು, ಪರೀಕ್ಷೆ ಮಾಡಿ, ಹಾಳಾದ ತುಂಡುಗಳನ್ನೂ ಜೊತೆಗಿಟ್ಟು ಬರೆಯುತ್ತಿದ್ದೇನೆ. ದಯವಿಟ್ಟು ಇದನ್ನು ಕಾರ್ಡ್ ಮಾಡಿ ಅಭ್ಯಾಸ ಇರುವ ಒಬ್ಬರ ಕೈಗೆ ಕೊಡಿ.

ಸೆಟ್‌ನಲ್ಲಿ 9 ಸ್ಟ್ಯಾಂಪ್, ಅವಕ್ಕೆ ಜೋಡಿಯಾಗಿ 9 ಡೈ ಇವೆ. ಎಂಟು ಜೋಡಿ ಚೆನ್ನಾಗಿವೆ. ಕೆಟ್ಟಿರುವುದು ಒಂದೇ. ಆದರೆ ಆ ಒಂದೇ ದೊಡ್ಡದು, ಮೂರು ಹೂವಿನ ಗೊಂಚಲು. ಈ ಸೆಟ್ ತೆಗೆದುಕೊಳ್ಳುವವರೆಲ್ಲ ಅದನ್ನು ನೋಡಿಯೇ ತೆಗೆದುಕೊಳ್ಳುವುದು, ಅಲ್ವಾ?

ಪೊಟ್ಟಣದ ಮೇಲೆ, ಕತ್ತರಿಸಿದ ಚಿತ್ರದ ಸುತ್ತ 2 ಮಿ.ಮೀ. ಬಿಳಿ ಅಂಚು ಬರುತ್ತದೆ ಎಂದು ಅಚ್ಚು ಹಾಕಿದ್ದೀರಿ. ಗೊಂಚಲನ್ನು ಕಾಗದದ ಮೇಲೆ ಒತ್ತಿದರೆ ಅದರ ಎತ್ತರ 84 ಮಿ.ಮೀ., ಅತಿ ಅಗಲವಾದ ಕಡೆ 61 ಮಿ.ಮೀ. ಡೈಯ ಒಳ ಅಳತೆ ಎತ್ತರಕ್ಕೆ 88 ಮಿ.ಮೀ. ಇದೆ. ಮೇಲೆ ಎರಡು, ಕೆಳಗೆ ಎರಡು, ಲೆಕ್ಕ ಸರಿಹೋಯಿತು. ಅಗಲಕ್ಕೆ 65 ಇರಬೇಕಿತ್ತು, ಇರುವುದು 62. ಮೂರು ಮಿ.ಮೀ. ಕಡಿಮೆ. ಎಡಗಡೆ ಹೇಳಿದಷ್ಟು ಅಂಚು ಬಿಟ್ಟು ಕೂರಿಸಿದರೆ ಬಲಗಡೆಯ ಎಸಳಿನ ತುದಿ ಒಂದು ಮಿ.ಮೀ. ತುಂಡಾಗುತ್ತದೆ. ಸರಿಯಾಗಿ ನಡುವೆ ಕೂರಿಸಿದರೆ ಎರಡೂ ಬದಿ ಅರ್ಧ ಅರ್ಧ ಮಿ.ಮೀ. ಉಳಿಯುತ್ತದೆ. ಮೇಲೆ ಕೆಳಗೆ ದಪ್ಪ ಅಂಚು, ಪಕ್ಕದಲ್ಲಿ ಕೂದಲೆಳೆಯಷ್ಟು. ನೋಡಿದವರಿಗೆ ಅದು ಕೈ ತಪ್ಪಿ ಕತ್ತರಿಸಿದ ಹಾಗೇ ಕಾಣುತ್ತದೆ.

ಇದು ನನ್ನ ಕೈಯ ತಪ್ಪಲ್ಲ ಎಂದು ಹೇಗೆ ಗೊತ್ತಾಯಿತು ಎಂದು ಕೇಳಬಹುದು. ಪಾರದರ್ಶಕ ಫೋಟೋಪಾಲಿಮರ್ (ರಬ್ಬರಿನಂಥ ಮೆತ್ತನೆಯ ಪ್ಲಾಸ್ಟಿಕ್) ಸ್ಟ್ಯಾಂಪನ್ನು ಬ್ಲಾಕಿಗೆ, ಅಂದರೆ ಹಿಡಿದು ಒತ್ತುವ ಗಟ್ಟಿ ತುಂಡಿಗೆ, ಅಂಟಿಸುವಾಗ ಎಳೆದರೆ ಹಿಗ್ಗುತ್ತದೆ, ಚಿತ್ರವೂ ದೊಡ್ಡದಾಗುತ್ತದೆ. ಅದು ನನಗೆ ಗೊತ್ತು. ಅದಕ್ಕೇ ಸ್ಟ್ಯಾಂಪನ್ನು ಚಿತ್ರದ ಮುಖ ಕೆಳಗೆ ಮಾಡಿ ಕಾಗದದ ಮೇಲೆ ಸುಮ್ನೆ ಮಲಗಿಸಿದೆ. ಮೇಲಿನಿಂದ ಬ್ಲಾಕ್ ಇಳಿಸಿದೆ, ಅದು ತಾನಾಗಿ ಅಂಟಿಕೊಂಡು ಬಂತು. ಹಾಗೆ ಐದು ಸಲ ಒತ್ತಿದೆ. ಐದರಲ್ಲೂ 61. ಬ್ಲಾಕಿನಿಂದ ಬಿಡಿಸಿ, ಚೌಕುಳಿ ಹಾಳೆಯ ಮೇಲಿಟ್ಟು ಸ್ಟ್ಯಾಂಪನ್ನೇ ಅಳೆದೆ. ಆಗಲೂ 61. ಡೈ ಸೊಟ್ಟಗಾಗಿದೆಯೇ ಎಂದು ಗಾಜಿನ ಮೇಲಿಟ್ಟು ನೋಡಿದೆ, ಸಮತಟ್ಟಾಗಿ ಕೂರುತ್ತದೆ. ಡೈಯನ್ನೂ ಕಾಗದವನ್ನೂ ಎರಡು ಪ್ಲೇಟುಗಳ ನಡುವೆ ಒತ್ತಿ ಕತ್ತರಿಸುವ ಮೆಷಿನ್ನಿನಲ್ಲಿ ಉರುಳುವಾಗ ಡೈ ಜಾರದಿರಲಿ ಎಂದು ಮೂರು ಕಡೆ ಸುಲಭವಾಗಿ ಬಿಡಿಸಬಹುದಾದ ಟೇಪ್ ಹಚ್ಚಿದೆ. ಪ್ಲೇಟುಗಳು ಬಾಗಿದ್ದರೆ ಅದೂ ಒಂದು ಕಾರಣ ಆಗಬಹುದು ಎಂದು ಹೊಸ ಪ್ಲೇಟ್ ಹಾಕಿದೆ. ಎಲ್ಲದರಲ್ಲೂ ಅದೇ ಎಸಳು, ಅದೇ ಜಾಗದಲ್ಲಿ ತುಂಡಾಯಿತು. ಅದೇ ಮೆಷಿನ್, ಅದೇ ಪ್ಲೇಟ್, ಅದೇ ಕಾಗದದಲ್ಲಿ ನಿಮ್ಮ ಎಲೆಗಳ ಡೈಗಳು ಸುತ್ತಲೂ ಒಂದೇ ಸಮ ಅಂಚು ಬಿಟ್ಟು ಕತ್ತರಿಸಿದವು.

ಈಗ ನಿಮ್ಮ ಉತ್ತರಗಳ ವಿಷಯ. ಮೊದಲನೆಯದರಲ್ಲಿ, ಒತ್ತಡ ಸಾಲುತ್ತಿಲ್ಲ, ಪ್ಲೇಟುಗಳ ನಡುವೆ ಒಂದು ಶಿಮ್ (ಒತ್ತಡ ಹೆಚ್ಚಿಸುವ ತೆಳು ಹಾಳೆ) ಸೇರಿಸಿ ಎಂದಿರಿ. ಎರಡನೆಯದರಲ್ಲಿ, ಹೊಸ ಸ್ಟ್ಯಾಂಪಿನ ಮೇಲೆ ತಯಾರಿಕೆಯ ಜಿಡ್ಡು ಇರುತ್ತದೆ, ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ತೊಳೆಯಿರಿ ಎಂದಿರಿ. ಎರಡೂ ಒಳ್ಳೆಯ ಸಲಹೆಯೇ, ಆದರೆ ಬೇರೆ ತೊಂದರೆಗೆ. ಒತ್ತಡ ಕಡಿಮೆಯಾದರೆ ಕಾಗದ ಪೂರ್ತಿ ಕತ್ತರಿಸುವುದಿಲ್ಲ, ಅಲ್ಲಲ್ಲಿ ಅಂಟಿಕೊಂಡಿರುತ್ತದೆ. ಜಿಡ್ಡಿದ್ದರೆ ಇಂಕ್ ಹನಿ ಹನಿಯಾಗಿ ನಿಂತು ಚಿತ್ರ ಮಚ್ಚೆ ಮಚ್ಚೆಯಾಗಿ ಬರುತ್ತದೆ. ನನಗೆ ಇವೆರಡೂ ಆಗಿಲ್ಲ. ಡೈ ಗರಿಗರಿಯಾಗಿ ಕತ್ತರಿಸುತ್ತಿದೆ, ಚಿತ್ರ ಸ್ಪಷ್ಟವಾಗಿ ಮೂಡುತ್ತಿದೆ. ಎಷ್ಟು ಒತ್ತಿದರೂ ಡೈ ತನ್ನ ಅಂಚು ಇರುವ ಜಾಗದಲ್ಲೇ ಕತ್ತರಿಸಬೇಕು. ಮೂರು ಮಿ.ಮೀ. ಆಚೆ ಹೋಗಿ ಕತ್ತರಿಸಲು ಅದಕ್ಕೆ ಆಗುವುದಿಲ್ಲ. ಮೊದಲು ಕಾಗದ ಕತ್ತರಿಸಿ ಆಮೇಲೆ ಅದರ ಮೇಲೆ ಸ್ಟ್ಯಾಂಪ್ ಒತ್ತಿ ಎಂದೂ ಒಂದು ಸಾಲು ಬರೆದಿದ್ದಿರಿ. ಅದನ್ನೂ ಮಾಡಿ ನೋಡಿದೆ. ಎಸಳು ಕಾಗದದ ಅಂಚಿಗೇ ತಾಗುತ್ತದೆ. ಜಾಗವೇ ಇಲ್ಲದ ಮೇಲೆ ಯಾವುದು ಮೊದಲು ಮಾಡಿದರೂ ಅಷ್ಟೇ.

ನಾನು ಇಷ್ಟು ಹಟ ಹಿಡಿದು ಬರೆಯಲು ಕಾರಣ ಇದೆ. ನನ್ನ ಅಮ್ಮ ಹಲವು ತಿಂಗಳು ಹಾಸಿಗೆ ಹಿಡಿದಿದ್ದರು. ಆಗ ಬಂದು ಕೂತವರು, ರಾತ್ರಿ ನನ್ನ ಬದಲು ಎಚ್ಚರವಿದ್ದವರು, ಮಾತ್ರೆ ತಂದುಕೊಟ್ಟವರು ತುಂಬಾ ಜನ. ಈಗ ಅಮ್ಮ ಎದ್ದು ಓಡಾಡುತ್ತಿದ್ದಾರೆ. ಅವರಿಗೆಲ್ಲ ಒಂದೊಂದು ಕಾರ್ಡ್ ನಾನೇ ಮಾಡಿ, ಒಳಗೆ ಅಮ್ಮನ ಕೈಯಿಂದ ಎರಡು ಸಾಲು ಬರೆಸಿ ಕೊಡಬೇಕೆಂದು 60 ಕಾರ್ಡಿಗೆ ಕೈ ಹಾಕಿದೆ. ಗೊಂಚಲಿಗೆ ಬಣ್ಣ ತುಂಬಲು ಒಂದಕ್ಕೆ ಸುಮಾರು 25 ನಿಮಿಷ ಬೇಕು. ಎಸಳಿನ ಬುಡದಲ್ಲಿ ಗಾಢ, ತುದಿಗೆ ಬರುತ್ತಾ ತಿಳಿ, ಅದನ್ನು ಅವಸರದಲ್ಲಿ ಮಾಡಲು ಆಗುವುದಿಲ್ಲ. ಬಣ್ಣವೆಲ್ಲ ಮುಗಿದ ಮೇಲೆ ಕೊನೆಗೆ ಬರುವುದು ಡೈ. ಮೊದಲ 14 ಚಿತ್ರಗಳಿಗೆ ಬಣ್ಣ ತುಂಬಿ ಒಟ್ಟಿಗೆ ಕತ್ತರಿಸಲು ಕೂತೆ. ಮೊದಲೆರಡು ಹಾಳಾದಾಗ ನಾನೇ ಸರಿಯಾಗಿ ಕೂರಿಸಲಿಲ್ಲ ಎಂದುಕೊಂಡೆ. ಕೂರಿಸುವ ರೀತಿ ಬದಲಿಸುತ್ತಾ ಹೋದೆ. ಹದಿನಾಲ್ಕೂ ಹೋದವು. ಸುಮಾರು ಆರು ಗಂಟೆಯ ಕೆಲಸ. ಉಳಿದವನ್ನು ಈಗ ಸಣ್ಣ ಕತ್ತರಿಯಲ್ಲಿ ಒಂದೊಂದಾಗಿ ಕತ್ತರಿಸುತ್ತಿದ್ದೇನೆ. ಕತ್ತರಿಯಲ್ಲೇ ಮಾಡುವುದಾಗಿದ್ದರೆ ಡೈ ಇರುವ ಸೆಟ್ ಯಾಕೆ ತೆಗೆದುಕೊಳ್ಳುತ್ತಿದ್ದೆ?

ಇನ್ನು ಇಂಕ್. ಅದೇ ಪೆಟ್ಟಿಗೆಯಲ್ಲಿ ಬಂದ ಕಪ್ಪು ಪ್ಯಾಡಿನ ಮೇಲೆ ವಾಟರ್‌ಪ್ರೂಫ್ ಎಂದಿದೆ. ಅದನ್ನು ನಂಬಿ ಗೆರೆ ಒತ್ತಿ ವಾಟರ್ ಬ್ರಷ್ (ಹಿಡಿಯಲ್ಲೇ ನೀರು ತುಂಬುವ ಕುಂಚ) ಹಿಡಿದೆ. ಬ್ರಷ್ ತಾಗಿದ್ದೇ ತಡ, ಗೆರೆ ಕದಡಿ ಹಳದಿ ಎಸಳೆಲ್ಲ ಬೂದು ಬಣ್ಣಕ್ಕೆ ತಿರುಗಿತು. ಒಣಗಲು ಸಮಯ ಕೊಡಲಿಲ್ಲವೇನೋ ಎಂದು ವಾಟರ್‌ಕಲರ್ ಕಾಗದದ ಪಟ್ಟಿಯೊಂದರ ಮೇಲೆ ನಾಲ್ಕು ಕಡೆ ಒತ್ತಿದೆ. ಒಂದಕ್ಕೆ 10 ನಿಮಿಷ ಬಿಟ್ಟು ನೀರು ತಾಗಿಸಿದೆ. ಒಂದಕ್ಕೆ ಒಂದು ಗಂಟೆ, ಒಂದಕ್ಕೆ ಇಡೀ ದಿನ. ನಾಲ್ಕನೆಯದಕ್ಕೆ ಹೀಟ್ ಗನ್ (ಬಿಸಿ ಗಾಳಿ ಊದುವ ಉಪಕರಣ) ಹಿಡಿದು ಆಮೇಲೆ ನೀರು. ನಾಲ್ಕೂ ಹರಡಿದವು. ಪಕ್ಕದಲ್ಲೇ ನನ್ನ ಹಳೆಯ ಪ್ಯಾಡಿನ ಗೆರೆ ಅಲುಗಾಡಲಿಲ್ಲ. ಆ ಪಟ್ಟಿಯನ್ನೂ ಕಳಿಸಿದ್ದೇನೆ.

ನ್ಯಾಯವಾಗಿ ಹೇಳಬೇಕೆಂದರೆ ಅದು ಕೆಟ್ಟ ಇಂಕ್ ಅಲ್ಲ. ಆಲ್ಕೋಹಾಲ್ ಮಾರ್ಕರ್ ಹಚ್ಚಿ ನೋಡಿದೆ, ಗೆರೆ ಒಂಚೂರೂ ಹರಡಲಿಲ್ಲ. ನಡೆದುಕೊಳ್ಳುವ ರೀತಿ ನೋಡಿದರೆ ಕಾಗದದೊಳಗೆ ಇಂಗಿ ಬೇಗ ಒಣಗುವ, ನೀರಿಗೆ ಮತ್ತೆ ಬಿಡುವ ಡೈ ಇಂಕ್ ಅನ್ನಿಸುತ್ತದೆ (ಕತ್ತರಿಸುವ ಡೈ ಬೇರೆ, ಇಲ್ಲಿ ಡೈ ಎಂದರೆ ಕರಗುವ ಬಣ್ಣ). ಮಾರ್ಕರಿಗೆ ನಿಲ್ಲುವ ಇಂಕ್ ನೀರಿಗೆ ನಿಲ್ಲಬೇಕೆಂದಿಲ್ಲ, ನೀರಿಗೆ ನಿಲ್ಲುವುದು ಮಾರ್ಕರಿಗೆ ಹರಡಬಹುದು. ಎರಡೂ ಬಗೆ ಬೇಕು. ಆದರೆ ಯಾವುದು ಯಾವುದಕ್ಕೆ ಎಂಬುದು ಲೇಬಲ್ ನೋಡದೆ ಕೊಳ್ಳುವವರಿಗೆ ಗೊತ್ತಾಗುವುದಿಲ್ಲ. ಅಲ್ಲೇ ತಪ್ಪು ಬರೆದರೆ ಹೊಸಬರ ಗತಿ ಏನು? ಈಗ ತಾನೇ ಶುರು ಮಾಡಿದವರು ತಮಗೇ ಬಣ್ಣ ಹಚ್ಚಲು ಬರುವುದಿಲ್ಲ ಎಂದುಕೊಂಡು ಕೈ ಬಿಟ್ಟುಬಿಡುತ್ತಾರೆ. ನನಗೆ ಇದರಲ್ಲಿ ಜಾಸ್ತಿ ಬೇಸರ ತಂದಿದ್ದು ಅದೇ.

ನಿಮ್ಮ ಸ್ಟ್ಯಾಂಪ್ ಮಾತ್ರ ನಿಜಕ್ಕೂ ಸೊಗಸಾಗಿದೆ. ಕೇಸರಗಳ ಚಿಕ್ಕ ಚುಕ್ಕಿಗಳೂ ಒಂದೂ ತಪ್ಪದೆ ಮೂಡುತ್ತವೆ. ಹಾಗಾಗಿ ಇಡೀ ಸೆಟ್ ವಾಪಸ್ ಕೊಟ್ಟು ಹಣ ತೆಗೆದುಕೊಳ್ಳುವ ಮನಸ್ಸು ನನಗಿಲ್ಲ. ದೊಡ್ಡ ಗೊಂಚಲಿನ ಡೈ ಒಂದನ್ನು ಬದಲಿಸಿ ಕೊಡಿ. ಕಳಿಸುವ ಮುಂಚೆ ನಿಮ್ಮವರು ಅದೇ ಸ್ಟ್ಯಾಂಪನ್ನು ಒತ್ತಿ, ಆ ಡೈಯಲ್ಲೇ ಕತ್ತರಿಸಿ ನೋಡಲಿ, ಆ ತುಂಡನ್ನೂ ಡೈ ಜೊತೆ ಇಟ್ಟು ಕಳಿಸಲಿ. ಅದೇ ಅಚ್ಚಿನ ಇನ್ನೊಂದು ಡೈ ಬಂದರೆ ಏನೂ ಉಪಯೋಗವಿಲ್ಲ, ಅದರ ಅಳತೆಯೂ ಇದೇ ಇರುತ್ತದೆ. ಸರಿಯಾದ ಡೈ ನಿಮ್ಮಲ್ಲಿ ಇಲ್ಲದಿದ್ದರೆ ಹಾಗೆಂದೇ ತಿಳಿಸಿ, ಆಗ ಸೆಟ್‌ನ ಹಣ ವಾಪಸ್ ಮಾಡಿ. ಇಂಕ್ ಪ್ಯಾಡಿಗೆ ಬದಲಾಗಿ ನೀರಿಗೆ ನಿಜವಾಗಿ ನಿಲ್ಲುವ ಕಪ್ಪು ಪ್ಯಾಡ್ ಬೇಕು.

ಇನ್ನೊಂದು ಮಾತು. ಈ ಸೆಟ್ ಕೊಂಡ ಬೇರೆಯವರಿಗೂ ತಿಳಿಸಿ. ಅವರಲ್ಲೂ ಎಷ್ಟೋ ಜನ ನನ್ನ ಹಾಗೇ ಮೊದಲು ತಮ್ಮ ಕೈಯನ್ನೇ ಬೈದುಕೊಂಡಿರುತ್ತಾರೆ. ಮುಂದಿನ ಪೊಟ್ಟಣಗಳ ಹಿಂದೆ ಪ್ರತಿ ಸ್ಟ್ಯಾಂಪಿನ ಮತ್ತು ಅದರ ಡೈಯ ಅಗಲ ಎತ್ತರವನ್ನು ಅಚ್ಚು ಹಾಕಿ. ಒಂದು ಸ್ಕೇಲ್ ಇಟ್ಟುಕೊಂಡು ಯಾರು ಬೇಕಾದರೂ ಬಣ್ಣ ತುಂಬುವ ಮೊದಲೇ ನೋಡಿಕೊಳ್ಳಬಹುದು.

ಈ ಪತ್ರದ ಜೊತೆ ಕತ್ತರಿಸದ ಎರಡು ಮುದ್ರೆಗಳು, ಎಸಳು ತುಂಡಾದ ಮೂರು ಚಿತ್ರಗಳು, ಸರಿಯಾಗಿ ಬಂದ ಒಂದು ಎಲೆ, ಇಂಕ್ ಪರೀಕ್ಷೆಯ ಪಟ್ಟಿ ಮತ್ತು ಸ್ಕೇಲ್ ಪಕ್ಕದಲ್ಲಿಟ್ಟು ತೆಗೆದ ಡೈಯ ಫೋಟೋ ಇವೆ. ಇನ್ನೂ ಬಹಳಷ್ಟು ಕಾರ್ಡ್ ಬಾಕಿ ಇವೆ. 15 ದಿನದೊಳಗೆ ಉತ್ತರ ಬಂದರೆ ಅಷ್ಟರಲ್ಲಿ ಒಂದು ಭಾಗವನ್ನಾದರೂ ನಿಮ್ಮ ಡೈಯಲ್ಲೇ ಕತ್ತರಿಸಬಹುದು.

ಇಂತಿ,
ನಿಮ್ಮ ಗ್ರಾಹಕಿ