ಮೈಯ ನಾಚಿಕೆ ಆಸ್ಪತ್ರೆಗೂ ಬರುತ್ತದೆ

ಮಾನ್ಯ ಸಂಪಾದಕರೇ,

ಲೈಂಗಿಕ ಶಿಕ್ಷಣ ಕೊಟ್ಟರೆ ಮಕ್ಕಳು ಕೆಡುತ್ತಾರೆ ಎಂಬ ಮಾತು ಮತ್ತೆ ಮತ್ತೆ ಕೇಳುತ್ತಿದೆ. ನಾನು ನಿವೃತ್ತ ನರ್ಸ್, ಕಂಡದ್ದು ಬೇರೆಯೇ. ಎದೆಯಲ್ಲಿ ಗಂಟಿದ್ದರೂ ತಿಂಗಳುಗಟ್ಟಲೆ ಮುಚ್ಚಿಟ್ಟುಕೊಂಡ ಹೆಂಗಸರು ಬರುತ್ತಿದ್ದರು. ಕೇಳಿದರೆ, 'ಹೇಗೆ ತೋರಿಸೋದು ಸಿಸ್ಟರ್, ನಾಚಿಕೆ ಆಗಲ್ವಾ?' ಅನ್ನುತ್ತಿದ್ದರು. ಗಂಡಸರೂ ಕಮ್ಮಿಯೇನಲ್ಲ. ವೃಷಣ ಊದಿಕೊಂಡವರು ಹೊಟ್ಟೆನೋವು ಅಂತ ಚೀಟಿ ಮಾಡಿಸಿ, ನಾನು ಆಚೆ ಹೋಗಲಿ ಅಂತ ಕಾಯುತ್ತಿದ್ದರು. ರೋಗ ಕಾಯುವುದಿಲ್ಲ ಅಲ್ವಾ?

ಈ ನಾಚಿಕೆ ಹುಟ್ಟಿನಿಂದ ಬಂದದ್ದಲ್ಲ, ಬಹುಪಾಲು ಸುತ್ತಲಿನವರು ಕಲಿಸಿದ್ದು. ಫಿನ್ಲೆಂಡ್‌ನಲ್ಲಿ ಮನೆಮಂದಿಯೆಲ್ಲ ಬಟ್ಟೆಯಿಲ್ಲದೆ ಸೌನಾದಲ್ಲಿ, ಅಂದರೆ ಬೆವರು ಬರಿಸುವ ಬಿಸಿ ಕೋಣೆಯಲ್ಲಿ, ಕೂರುವುದು ಮಾಮೂಲಿ. ಅದಕ್ಕೆ ಕಾಮದ ಬಣ್ಣ ಹಚ್ಚುವುದಿಲ್ಲ. ಆ ಸೌನಾ ಸಂಸ್ಕೃತಿಯನ್ನು 2020ರಲ್ಲಿ ಯುನೆಸ್ಕೊ ತನ್ನ ಪರಂಪರೆ ಪಟ್ಟಿಗೆ ಸೇರಿಸಿತು. ಜಪಾನಿನಲ್ಲಿ ಗಂಡು ಹೆಣ್ಣು ಒಂದೇ ಸ್ನಾನದ ಮನೆಯಲ್ಲಿ ಮೀಯುವ ರೂಢಿಯಿತ್ತು. 19ನೇ ಶತಮಾನದಲ್ಲಿ ಪಾಶ್ಚಾತ್ಯರು ಮೂಗು ಮುರಿದ ಮೇಲೆ ಸರ್ಕಾರ ಅದಕ್ಕೆ ತಡೆ ಹಾಕಿತು. ಹಿಂದಿನ ದಿನದವರೆಗೆ ಸಹಜವಾಗಿದ್ದದ್ದು ಅಸಭ್ಯವಾಯಿತು.

ಎಲ್ಲರೂ ಬಟ್ಟೆ ಬಿಚ್ಚಿ ಓಡಾಡಿ ಅಂತ ನಾನು ಹೇಳುತ್ತಿಲ್ಲ, ಸುಮ್ನೆ ಗಾಬರಿಯಾಗಬೇಡಿ. ಮಕ್ಕಳಿಗೆ ತಮ್ಮ ಮೈಯ ಭಾಗಗಳ ಹೆಸರನ್ನು ನೇರವಾಗಿ ಕಲಿಸಿ, ಅಷ್ಟೇ. ಯಾರಾದರೂ ಕೆಟ್ಟದಾಗಿ ಮುಟ್ಟಿದರೆ ಎಲ್ಲಿ ಅಂತ ಹೇಳಲು ಮಗುವಿಗೆ ಬಾಯಿ ಬರಬೇಡವೇ? ಇನ್ನು ಕೆಡುವ ಭಯದ ಮಾತು. ಇಂಥ ಪಾಠದಿಂದ ಲೈಂಗಿಕ ಚಟುವಟಿಕೆ ಜಾಸ್ತಿಯಾಗುವುದಿಲ್ಲ ಎಂದು ಯುನೆಸ್ಕೊದ 2018ರ ಮಾರ್ಗಸೂಚಿ ಹೇಳುತ್ತದೆ. ವಿರೋಧಿಸುವವರು ಅದನ್ನೊಮ್ಮೆ ಓದಿ ಆಮೇಲೆ ಮಾತಾಡಲಿ.

– ಒಬ್ಬ ನಿವೃತ್ತ ನರ್ಸ್