ಪ್ರಮಾಣವಚನ: ಹೊಸ ವಾರ್ಡ್ ಸದಸ್ಯರ ಗಮನಕ್ಕೆ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಹೊಸ ಸದಸ್ಯರೇ, ಮುದ್ರಿತ ಕನ್ನಡ ಪಠ್ಯ ಬೇಕೆಂದು ಪಂಚಾಯತು ಕಾರ್ಯದರ್ಶಿಗೆ ಮುಂಚೆಯೇ ತಿಳಿಸಿ. ವೇದಿಕೆ ಹತ್ತಿದ ಮೇಲೆ ಮಲಯಾಳದ ಹಾಳೆ ಹಿಡಿದು ತಡವರಿಸುವುದು ಬೇಡ. 2021ರಲ್ಲಿ ಮಂಜೇಶ್ವರದ ಶಾಸಕರು ವಿಧಾನಸಭೆಯಲ್ಲೇ ಕನ್ನಡದಲ್ಲಿ ಪ್ರಮಾಣ ಮಾಡಿದ್ದಾರೆ, ನಮಗೇಕೆ ಸಂಕೋಚ?

ಅತಿ ಹಿರಿಯ ವಯಸ್ಸಿನ ಸದಸ್ಯರಿಗೆ ಅಧಿಕಾರಿ ಪ್ರಮಾಣ ಬೋಧಿಸುತ್ತಾರೆ, ಉಳಿದವರಿಗೆ ಆ ಹಿರಿಯರು.

‘ದೇವರ ಹೆಸರಿನಲ್ಲಿ’ ಅಥವಾ ‘ದೃಢಪ್ರತಿಜ್ಞೆ’, ಎರಡೇ ದಾರಿ. ಗುರು, ನಾಯಕ, ಹುತಾತ್ಮರ ಹೆಸರು ಸೇರಿಸಬೇಡಿ. 2001ರಲ್ಲಿ ಕೊಡುಂಗಲ್ಲೂರಿನ ಶಾಸಕರು ನಾರಾಯಣ ಗುರುಗಳ ಹೆಸರಿನಲ್ಲಿ ಮಾಡಿದ ಪ್ರಮಾಣ ಕ್ರಮಬದ್ಧವಲ್ಲವೆಂದು ಕೇರಳ ಹೈಕೋರ್ಟ್ ಹೇಳಿತು. ಭಕ್ತಿ ಮನಸ್ಸಿನಲ್ಲಿರಲಿ.

ಓದಿದರಷ್ಟೇ ಸಾಲದು, ರಿಜಿಸ್ಟರಿನಲ್ಲಿ ಸಹಿಯೂ ಬೀಳಬೇಕು. ಹಾರ, ಫೋಟೊಗಳ ಗಡಿಬಿಡಿಯಲ್ಲಿ ಮರೆತುಹೋಗುವುದು ಇದೇ.