ಪೋಡಿಗೆ ಸರ್ವೆಗೆ ಹೊರಟ ತಮ್ಮನಿಗೆ

ಓಸ್, ನಾರ್ವೆ

ಪ್ರೀತಿಯ ತಮ್ಮ,

ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ, ಅಂದರೆ ಸೋಲಿಗ ಆದಿವಾಸಿಗಳ ಹಾಡಿಗಳಲ್ಲಿ, ಮನೆ ಮನೆ ಸರ್ವೆ ಮಾಡುವ ಕೆಲಸ ನಿನಗೆ ಸಿಕ್ಕಿದೆ ಅಂತ ಅವ್ವ ಹೇಳಿದಾಗ ತುಂಬಾ ಖುಷಿಯಾಯ್ತು. ನೀನು ಕಳಿಸಿದ ಪ್ರಶ್ನೆಗಳ ಪಟ್ಟಿ ಓದಿದೆ. ‘ಕುಟುಂಬದ ವಾರ್ಷಿಕ ಆದಾಯ ಎಷ್ಟು?’ ಎಂದು ಒಂದು ಸಾಲಿದೆಯಲ್ಲ, ಈ ಕಾಗದ ಅದರ ಬಗ್ಗೆಯೇ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ.

ಆ ಪ್ರಶ್ನೆಗೆ ಸೋಲಿಗರ ಮನೆಯಲ್ಲಿ ಏನಂತ ಉತ್ತರ ಕೊಡುತ್ತಾರೆ ಹೇಳು? ಒತ್ತಾಯ ಮಾಡಿದರೆ ಬಾಯಿಗೆ ಬಂದ ಒಂದು ಅಂಕಿ ಹೇಳಿ ಕಳಿಸುತ್ತಾರೆ. ಅವರ ಸಂಪಾದನೆ ಸಂಬಳದ ಹಾಗೆ ಬರುವುದಿಲ್ಲ, ಕಾಲಕ್ಕೊಂದು ಬಗೆ. ಚಳಿಗಾಲಕ್ಕೆ ನೆಲ್ಲಿಕಾಯಿ, ಕಾಫಿ ಕುಯ್ಲು. ಬೇಸಿಗೆಗೆ ಜೇನು. ಮಳೆ ಬಿದ್ದ ಮೇಲೆ ರಾಗಿ, ಜೋಳ, ಅವರೆ. ನಡುನಡುವೆ ಎಸ್ಟೇಟಿನ ಕೂಲಿ, ಉದ್ಯೋಗ ಖಾತ್ರಿ. ಕೆಲವರು ಕೊಡಗಿನ ತೋಟಗಳಿಗೂ ಹೋಗುತ್ತಾರೆ. ಅದಕ್ಕೇ ಕಾಲ ಹಿಡಿದು ಕೇಳು. ‘ಹೋದ ಸಲ ನೆಲ್ಲಿಕಾಯಿಗೆ ಯಾರ್ಯಾರು ಹೋಗಿದ್ರಿ? ಎಷ್ಟು ಮೂಟೆ ಆಯ್ತು? ಯಾರಿಗೆ ಹಾಕಿದ್ರಿ? ದುಡ್ಡು ಯಾವಾಗ ಬಂತು?’ ಹೀಗೆ ಕೇಳಿದರೆ ಲೆಕ್ಕ ತಾನಾಗಿ ಬಾಯಿಗೆ ಬರುತ್ತದೆ.

ನಮ್ಮ ಈ ವಿಶ್ವವಿದ್ಯಾಲಯದ ಪ್ರೊಫೆಸರ್ ಆರಿಲ್ಡ್ ಆಂಗೆಲ್ಸನ್ ಮತ್ತು ಜೊತೆಗಾರರು 24 ದೇಶಗಳಲ್ಲಿ ಕಾಡಿನ ಹತ್ತಿರ ಇರುವ ಸುಮಾರು 8,000 ಮನೆಗಳ ಲೆಕ್ಕ ಹಾಕಿದ್ದಾರೆ. ಮೂರು ತಿಂಗಳಿಗೊಮ್ಮೆ ಅದೇ ಮನೆಗೆ ಹೋಗಿ ಕೇಳಿದ ಲೆಕ್ಕ ಅದು. ಮಾರಿದ್ದು ಮಾತ್ರ ಅಲ್ಲ, ಮನೆಯಲ್ಲೇ ತಿಂದು, ಉರಿಸಿ ಖರ್ಚಾದದ್ದಕ್ಕೂ ಬೆಲೆ ಕಟ್ಟಿದರು. ಒಟ್ಟು ಆದಾಯದಲ್ಲಿ ನೂರಕ್ಕೆ 28 ಪಾಲು ಕಾಡುಮೇಡಿನಿಂದ ಬಂದಿತ್ತು. 2014ರಲ್ಲಿ ಇದು ಪ್ರಕಟವಾಯಿತು. ಒಂದು ಸಲ ಹೋಗಿ ಬರುವ ಸರ್ವೆಯಲ್ಲಿ ಕೈಬಿಟ್ಟುಹೋಗುವುದು ಈ ಪಾಲೇ. ನಿಮಗೆ ನಾಲ್ಕು ಸಲ ಹೋಗಲು ಆಗದಿದ್ದರೆ ಬೇಡ, ಮಳೆಗಾಲಕ್ಕೊಂದು ಸಲ, ಬೇಸಿಗೆಗೊಂದು ಸಲವಾದರೂ ಹೋಗಲೇಬೇಕು ಅಂತ ನಿಮ್ಮ ಮೇಲಿನವರಿಗೆ ಹೇಳು. ಸೊಪ್ಪು, ಗೆಡ್ಡೆ, ಅಣಬೆ, ಸೌದೆ, ಎಲ್ಲಕ್ಕೂ ಜಾಗ ಇರಲಿ.

ಜೇನಿನ ವಿಷಯದಲ್ಲಿ ಹುಷಾರಾಗಿರು. ಹೆಜ್ಜೇನು ಒಬ್ಬನ ಕೆಲಸ ಅಲ್ಲ. ಕತ್ತಲಲ್ಲಿ ಒಬ್ಬ ಎತ್ತರದ ಮರ ಹತ್ತಿ, ಹೊಗೆ ಕೊಟ್ಟು ಹುಳ ಎಬ್ಬಿಸಿ ಜೇನುತಟ್ಟಿ ಕೊಯ್ಯುತ್ತಾನೆ. ಕೆಳಗೆ ನಿಂತು ಇಳಿಸಿಕೊಳ್ಳಲು ಇನ್ನೂ ಕೆಲವರು ಬೇಕು. ಆಮೇಲೆ ಗಿರಿಜನರ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ಒಬ್ಬನ ಹೆಸರಲ್ಲೇ ಹಾಕಿದ್ದರೆ, ಆ ಚೀಟಿ ನೋಡಿ ಬರೆದುಕೊಂಡರೆ ಏನಾಗುತ್ತದೆ? ಒಂದು ಮನೆಗೆ ಜಾಸ್ತಿ, ಮಿಕ್ಕ ಮನೆಗಳಿಗೆ ಸೊನ್ನೆ. ಪಾಲು ಹೇಗಾಯ್ತು ಅಂತ ಕೇಳು. ಮನೆಗೆ ಇಟ್ಟುಕೊಂಡದ್ದು, ನೆಂಟರಿಗೆ ಕೊಟ್ಟದ್ದು, ಅದನ್ನೂ ಕೇಳು.

ಕಾಡಿನಿಂದ ಏನು ತರುತ್ತೀರಿ ಅಂದರೆ ಕೆಲವರು ಸುಮ್ಮನಾಗಬಹುದು. ಸುಳ್ಳು ಹೇಳುತ್ತಿದ್ದಾರೆ ಅಂದುಕೊಳ್ಳಬೇಡ. 2004ರ ಹೊತ್ತಿಗೆ ಅರಣ್ಯ ಇಲಾಖೆಯವರು ಅಲ್ಲಿನ ಅಭಯಾರಣ್ಯದೊಳಗೆ ಮಾರಾಟಕ್ಕೆ ಆಯುವುದನ್ನೇ ನಿಲ್ಲಿಸಿಬಿಟ್ಟಿದ್ದರು. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂದು, 2011ರಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಎಲ್ಲರೂ ಸೇರಿ ಕಾಡು ಬಳಸುವ ಸಮುದಾಯ ಹಕ್ಕು ಸಿಕ್ಕಿತು. ಅಷ್ಟು ವರ್ಷ ಹೆದರಿಕೊಂಡೇ ಬದುಕಿದವರು ಪೆನ್ನು ಹಿಡಿದು ಬಂದವನಿಗೆ ಎಲ್ಲ ಬಿಚ್ಚಿ ಹೇಳಬೇಕಾ? ಮೊದಲು ಪೋಡಿನ ಯಜಮಾನರ ಹತ್ತಿರ ಕೂತು ಮಾತಾಡು. ಈ ಲೆಕ್ಕ ಯಾರ ಕೈಗೆ ಹೋಗುತ್ತದೆ, ಹೆಸರು ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ, ನೇರವಾಗಿ ಹೇಳು. ಇಷ್ಟ ಇಲ್ಲ ಅಂದರೆ ಆ ಮನೆ ಬಿಡು.

ನೆಲ್ಲಿಕಾಯಿ ಕಡಿಮೆಯಾಗಿದೆ ಅಂದರೆ ಯಾಕೆ ಅಂತಲೂ ಕೇಳು. ಮರಕ್ಕೆ ಉಪ್ಪಿಲು ಅನ್ನುವ ಬದನಿಕೆ ಹತ್ತಿ ಒಣಗುತ್ತದೆ, ಕೆಳಗೆ ಲಂಟಾನ ಕಳೆ ತುಂಬಿದೆ ಎನ್ನುತ್ತಾರೆ. ಹಿಂದೆ ಒಣಗಿದ ಎಲೆಗೆ ಹಚ್ಚುವ ತರಗು ಬೆಂಕಿ ಹಾಕುತ್ತಿದ್ದಾಗ ಹೀಗಿರಲಿಲ್ಲ ಎನ್ನುವುದು ಹಿರಿಯರ ಮಾತು. ಅಂಕಣದಲ್ಲಿ ಬರೀ ‘0’ ಬರೆದರೆ, ಇವರು ಕಾಡು ಬಿಟ್ಟಿದ್ದಾರೆ ಅಂತ ಆಫೀಸಿನಲ್ಲಿ ಕೂತು ಓದುವವರು ತಿಳಿಯುತ್ತಾರೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ. ಹಂದಿ, ಆನೆ ಬರುತ್ತವೆ ಅಂತ ರಾತ್ರಿಯೆಲ್ಲ ಹೊಲ ಕಾಯುವವನನ್ನೂ ‘ಕೆಲಸವಿಲ್ಲ’ ಅಂತಲೇ ಬರೆದುಬಿಡುತ್ತಾರೆ.

ಸಾಲದ ಪ್ರಶ್ನೆ ಕೊನೆಗೆ ಇಡು. ಮುಂಗಡ ಕೊಟ್ಟವನಿಗೇ ಕಾಫಿ ಹಾಕಬೇಕಾದರೆ ಸಿಗುವ ರೇಟೇ ಬೇರೆ, ಅಲ್ವಾ? ಹೆಂಗಸರನ್ನು ಬೇರೆಯಾಗಿ ಕೇಳು, ಕೂಲಿಯಿಂದ ಬಂದ ತಕ್ಷಣ ಅಲ್ಲ, ಅಡಿಗೆ ಮುಗಿದ ಮೇಲೆ. ನಿನ್ನ ಜೊತೆ ಒಬ್ಬ ಸೋಲಿಗ ಹುಡುಗಿ ಇದ್ದರೆ ಇನ್ನೂ ಒಳ್ಳೆಯದು, ಅವಳಿಗೂ ನಿನ್ನಷ್ಟೇ ಸಂಬಳ ಕೊಡಿಸು.

ಪಟ್ಟಿ ತಿದ್ದಿ ಇನ್ನೊಂದು ಸಲ ಕಳಿಸು. ಇಂಗ್ಲಿಷಿನಲ್ಲಿ ವಿವರಣೆ ಬೇಕಾದರೆ ನಾನು ಬರೆದುಕೊಡುತ್ತೇನೆ. ಅವ್ವನಿಗೆ ಚಳಿಯ ಚಿಂತೆ ಬೇಡ ಅನ್ನು, ರೂಮು ಬೆಚ್ಚಗಿದೆ. ಅಪ್ಪ ಮಂಡಿ ನೋವಿನ ಮಾತ್ರೆ ಬಿಟ್ಟಿದ್ದಾರಂತೆ, ನೀನೇ ಕೂತು ನುಂಗಿಸು.

ನಿನ್ನ
ಅಕ್ಕ